ಹೊಳೆಯ ತಳಕ್ಕೂ ಒಂದು ಲೆಕ್ಕ ಬೇಕು

2019ರ ಆಗಸ್ಟ್‌ನಲ್ಲಿ ವರದಾ ಹೊಳೆ ಉಕ್ಕಿದಾಗ ನೀರು ಎಲ್ಲೀತನಕ ಬಂದಿತ್ತು ಅನ್ನೋದು ಹಾನಗಲ್, ಸವಣೂರು ಕಡೆಯ ನಮ್ಮೆಲ್ಲರಿಗೂ ನೆನಪಿದೆ. ಆದರೆ ಆಮೇಲೆ ಹೊಳೆಯ ತಳ ಎಷ್ಟು ಏರಿತು, ಎಷ್ಟು ಇಳಿಯಿತು ಅಂತ ಕೇಳಿದರೆ ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇಲ್ಲ. ಎಂಜಿನಿಯರಿಂಗ್ ಓದುವ ನಾವು ಆ ಉತ್ತರ ಹುಡುಕಬೇಕು ಅನ್ನೋದು ನಮ್ಮ ವಾದ.

ತಳದ ಲೆಕ್ಕ ಹಾಕುವ ಸಾಫ್ಟ್‌ವೇರ್ ಈಗ ಪುಕ್ಕಟೆ ಸಿಗುತ್ತದೆ. ಅಮೆರಿಕದ ಸೇನೆಯ ಎಂಜಿನಿಯರುಗಳು ಮಾಡಿದ ಹೆಕ್-ರಾಸ್ ಯಾರು ಬೇಕಾದರೂ ಡೌನ್‌ಲೋಡ್ ಮಾಡಿಕೊಳ್ಳಬಹುದು. ಅದರೊಳಗೆ ಇರೋದು ಮನೆಯ ಜಮಾ-ಖರ್ಚಿನಂಥ ಲೆಕ್ಕ. ಹೊಳೆಯನ್ನು ತುಂಡು ತುಂಡಾಗಿ ವಿಂಗಡಿಸಿ, ಪ್ರತಿ ತುಂಡಿಗೆ ಎಷ್ಟು ಉಸುಕು ಬಂತು, ಎಷ್ಟು ಹೋಯಿತು ನೋಡುತ್ತದೆ. ಬಂದದ್ದು ಹೆಚ್ಚಾದರೆ ತಳ ಏರುತ್ತದೆ, ಹೋದದ್ದು ಹೆಚ್ಚಾದರೆ ಇಳಿಯುತ್ತದೆ. ಆಸ್ಟ್ರಿಯಾದ ಎಕ್ಸ್‌ನರ್ 1920ರ ದಶಕದಲ್ಲಿ ಬರೆದ ಸಮೀಕರಣದ ಸಾರ ಇಷ್ಟೇ. ಇದಕ್ಕೇ ಅಲೆ, ಉಬ್ಬರವಿಳಿತ ಸೇರಿಸಿದರೆ ಉಳ್ಳಾಲದ ಕಡಲ ತಳದ ಲೆಕ್ಕವೂ ಆಗುತ್ತದೆ.

ನಮ್ಮ ಕಡೆಯ ಉಸುಕು ಮಾತ್ರ ಉಳ್ಳಾಲಕ್ಕೆ ಹೋಗಲ್ಲ. ಹಾನಗಲ್ಲಿನ ಧರ್ಮಾ ಹೊಳೆ ವರದೆಗೆ ಸೇರುತ್ತದೆ, ವರದಾ ಗಳಗನಾಥದಲ್ಲಿ ತುಂಗಭದ್ರೆಗೆ. ಹಿರೇಕೆರೂರು ಕಡೆಯ ಕುಮುದ್ವತಿಯೂ ತುಂಗಭದ್ರೆಗೇ. ಮುಂದೆ ಎಲ್ಲಾ ಹೊಸಪೇಟೆಯ ಅಣೆಕಟ್ಟಿಗೆ. ಕಟ್ಟಿದಾಗ ಅದು ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಈಗ ಲೆಕ್ಕಕ್ಕೆ ಹಿಡಿಯೋದು ಸುಮಾರು 105. ಉಳಿದ ಜಾಗದಲ್ಲಿ ಹೂಳು ಕೂತಿದೆ, ನಮ್ಮ ಹೊಲಗಳ ಮಣ್ಣೂ ಅದರಲ್ಲಿದೆ. ಅಲ್ಲಿ ತಳ ಏರುತ್ತಿದ್ದರೆ, ಮೇಲ್ಗಡೆ ಉಸುಕು ಟ್ರ್ಯಾಕ್ಟರ್ ಹತ್ತುತ್ತದೆ. ಉಸುಕು ತೆಗೆದಷ್ಟೂ ತಳ ಇಳಿಯುತ್ತದೆ, ಸೇತುವೆಯ ಬುಡ ಬಯಲಾಗುತ್ತದೆ, ದಂಡೆಯ ಬಾವಿಗಳ ನೀರೂ ಕೆಳಗೆ ಹೋಗುತ್ತದೆ.

ಟ್ರ್ಯಾಕ್ಟರ್ ಒಯ್ದ ಉಸುಕು ನಾವು ಹೇಳದೆ ಕಂಪ್ಯೂಟರಿಗೆ ಗೊತ್ತಾಗಲ್ಲ. ಹಳೇ ಅಳತೆ ಕೊಟ್ಟರೆ ಅದು ಬಣ್ಣಬಣ್ಣದ ನಕ್ಷೆ ಕೊಡುತ್ತದೆ, ಆದರೆ ಅದು ಇಲ್ಲದ ಹೊಳೆಯ ನಕ್ಷೆ. ಬಿತ್ತಿದ್ದನ್ನೇ ತಾನೆ ಬೆಳೆಯೋದು?

"ಇದು ಸರ್ಕಾರದ ಕೆಲಸ, ಎರಡನೇ ವರ್ಷದವರಿಗೆ ಏನು ಬರುತ್ತೆ?" ಅಂತ ಕೇಳಬಹುದು. ಸರ್ವೆ ಲ್ಯಾಬಿನಲ್ಲಿ ಲೆವೆಲ್ ಹಿಡಿಯೋದು ಕಲಿಯುತ್ತೇವೆ. ಉಸುಕನ್ನು ಜರಡಿ ಹಿಡಿದು ಕಾಳಿನ ಗಾತ್ರ ತಿಳಿಯೋದೂ ಸಿವಿಲ್‌ನವರ ಪಾಠದಲ್ಲೇ ಇದೆ. ಅದೇ ಕಾಲೇಜು ಮೈದಾನವನ್ನು ಪ್ರತಿ ಬ್ಯಾಚೂ ಅಳೆಯೋ ಬದಲು, ವರದಾ ದಂಡೆಯಲ್ಲಿ ಒಂದು ಗುರುತು ಹಾಕಿಕೊಂಡು, ನೀರು ತಗ್ಗಿದಾಗ, ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ, ಅದೇ ಗೆರೆಯಲ್ಲಿ ಅಳೆಯೋಣ. ಕಂಪ್ಯೂಟರ್ ಸೈನ್ಸ್‌ನವರು ಮಾದರಿ ಓಡಿಸಲಿ. ಶಿಗ್ಗಾವಿಯ ಗೆಳೆಯರು ತಮ್ಮೂರ ಕೆರೆಯ ಹೂಳನ್ನೇ ಅಳೆಯಲಿ.

ಒಂದು ವರ್ಷದ ಅಳತೆಯಿಂದ ಏನೂ ಸಾಬೀತಾಗಲ್ಲ, ನಿಜ. ಆದರೆ ನಾವು ಶುರು ಮಾಡಿ ಜೂನಿಯರ್‌ಗಳಿಗೆ ಕೊಟ್ಟುಹೋದರೆ, ನಾಲ್ಕೈದು ವರ್ಷದಲ್ಲಿ ಊರವರು ಗ್ರಾಮಸಭೆಯಲ್ಲಿ "ಹೊಳೆ ಇಷ್ಟು ಇಳಿದೈತ್ರಿ" ಅಂತ ಅಂಕಿ ಇಟ್ಟು ಮಾತಾಡಬಹುದು. ಈ ಬೇಸಿಗೆ ರಜೆಯಲ್ಲೇ ಮೊದಲ ಗೆರೆ ಅಳೆಯೋಣ, ಬರ್ತೀರಲ್ಲ?