ಊರು ಯಾರದು?

ಜಕಾರ್ತಾ ನಗರದ ಬಡಾವಣೆಗಳನ್ನು ನೋಡಿದರೆ ಅಲ್ಲಿನ ಮೇಲುಕೀಳು ಕಣ್ಣಿಗೆ ಕಟ್ಟುತ್ತದೆ. ನಡುವೆ ಮೆಂತೆಂಗ್: ಡಚ್ಚರು 1910ರ ದಶಕದಲ್ಲಿ ತಮ್ಮವರಿಗಾಗಿ ಕಟ್ಟಿಸತೊಡಗಿದ ತೋಟದ ಬಡಾವಣೆ, ಇಂದು ಅಲ್ಲಿ ಸ್ವದೇಶಿ ಧನಿಕರ ಬಂಗಲೆಗಳು. ಉತ್ತರದ ಕಡಲಂಚಿನಲ್ಲಿ ಪೆಂಜಾರಿಂಗಾನ್: ಮೀನುಗಾರರು, ಕೂಲಿಗಳು, ಸಣ್ಣ ಅಂಗಡಿಯವರು ಒತ್ತೊತ್ತಾಗಿ ಬದುಕುವ ಕಾಂಪುಂಗ್‌ಗಳು, ಎಂದರೆ ಕೇರಿಗಳು. ಆಳುವವರು ಬದಲಾದರು; ಕೇರಿಯ ಹಣೆಬರಹ ಬದಲಾಗಲಿಲ್ಲ.

ಅಲ್ಲಿನ ಕಾಂಪುಂಗ್ ಅಕ್ವೇರಿಯಂ ಎಂಬ ಕೇರಿಯನ್ನು 2016ರ ಏಪ್ರಿಲ್‌ನಲ್ಲಿ ನಗರಾಡಳಿತ ನೆಲಸಮ ಮಾಡಿತು. ಮನೆ ಕಳೆದುಕೊಂಡವರಿಗೆ ದೂರದಲ್ಲಿ ಬಾಡಿಗೆ ಮನೆ ತೋರಿಸಿತು. ಮನೆ ಅಲ್ಲಿ, ದುಡಿಮೆ ಇಲ್ಲಿ ಎಂದರೆ ಹೊಟ್ಟೆ ತುಂಬೀತೇ? ಅನೇಕರು ಕದಲಲಿಲ್ಲ. ಕಲ್ಲುಮಣ್ಣಿನ ರಾಶಿಯ ಮೇಲೆಯೇ ಗುಡಾರ ಹಾಕಿ ಕೂತರು. ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಚುನಾವಣೆಗೆ ನಿಂತವರಿಂದ ವಾಗ್ದಾನ ಬರೆಯಿಸಿಕೊಂಡರು. 2021ರ ಆಗಸ್ಟ್ 17, ಇಂಡೋನೇಷ್ಯದ ಸ್ವಾತಂತ್ರ್ಯದ ದಿನ, ಅದೇ ನೆಲದಲ್ಲಿ ಅವರಿಗಾಗಿ ಕಟ್ಟಿದ ಮಹಡಿಮನೆಗಳು ಬಾಗಿಲು ತೆರೆದವು. ಅವುಗಳ ಆಡಳಿತಕ್ಕೆ ನಿವಾಸಿಗಳು ತಮ್ಮದೇ ಸಹಕಾರ ಸಂಘ ಕಟ್ಟಿಕೊಂಡರು. ಆದರೆ ನೆಲವನ್ನು ಸರ್ಕಾರ ಅವರ ಹೆಸರಿಗೆ ಬರೆದುಕೊಡಲಿಲ್ಲ.

ನಾವು ಹೇಳುವುದಿಷ್ಟೆ: ಊರನ್ನು ನಡೆಸುವ ಕೈಗಳಿಗೆ ಊರೊಳಗೇ ಸೂರು ಬೇಕು. ದಯೆಗಾಗಿ ಕಾದು ಕೂತವರಿಗೆ ಅದು ಸಿಕ್ಕದು. ಒಂದಾಗಿ ನಿಂತವರಿಗೆ ಸಿಕ್ಕಿದೆ.