ಬಾಡಿಗೆ ಆದಾಯ: ಬರುವುದೆಷ್ಟು, ಉಳಿಯುವುದೆಷ್ಟು?

ವ್ಯಾಪಾರದಲ್ಲಿ ನಾಲ್ಕು ಕಾಸು ಉಳಿದೊಡನೆ ಅದನ್ನು ನಿವೇಶನ ಅಥವಾ ಮಳಿಗೆಯ ಮೇಲೆ ತೊಡಗಿಸುವುದು ತರೀಕೆರೆಯಂತಹ ಪಟ್ಟಣಗಳ ವರ್ತಕರಲ್ಲಿ ಬೇರೂರಿರುವ ಪದ್ಧತಿ. ಅಡಿಕೆ, ತೆಂಗಿನ ಧಾರಣೆಯ ಏರಿಳಿತವನ್ನು ಕಂಡವರಿಗೆ ತಿಂಗಳು ತಿಂಗಳು ಬರುವ ಬಾಡಿಗೆ ಭದ್ರವೆನಿಸುವುದು ಸಹಜ. ಆದರೆ ಸರಕು ಖರೀದಿಯಲ್ಲಿ ಸಾಗಣೆ, ಹಮಾಲಿ, ತೂಕದ ನಷ್ಟಗಳನ್ನೆಲ್ಲ ಲೆಕ್ಕವಿಡುವ ವರ್ತಕರು ಕಟ್ಟಡದ ವಿಷಯದಲ್ಲಿ ಮಾತ್ರ ಬಾಡಿಗೆಯ ಮೊತ್ತವನ್ನೇ ಲಾಭವೆಂದು ಭಾವಿಸುತ್ತಿರುವುದು ವಿಚಾರಾರ್ಹವಾಗಿದೆ.

ವೆಚ್ಚವು ಕ್ರಯಪತ್ರದಿಂದಲೇ ಆರಂಭವಾಗುತ್ತದೆ. ಪುರಸಭೆಯ ವ್ಯಾಪ್ತಿಯಲ್ಲಿ ಮಳಿಗೆ ಕೊಳ್ಳುವವರು ಶೇ. 5ರ ಮುದ್ರಾಂಕ ಶುಲ್ಕದೊಡನೆ ಅದರ ಮೇಲಿನ ಸೆಸ್ ಮತ್ತು ಅಧಿಭಾರವನ್ನೂ ತೆರಬೇಕು. ನೋಂದಣಿ ಶುಲ್ಕವು 2025ರ ಆಗಸ್ಟ್ 31ರಿಂದ ಶೇ. 1ರ ಬದಲು ಶೇ. 2 ಆಗಿದೆ. ಒಟ್ಟು ಹೊರೆ ಶೇ. 7.6. ಕ್ರಯದ ಮೊತ್ತ ಹಾಗೂ ಸರ್ಕಾರದ ಮಾರ್ಗಸೂಚಿ ಬೆಲೆ ಇವೆರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಈ ಶುಲ್ಕ ಬೀಳುತ್ತದೆ. ದಲ್ಲಾಳಿ, ಪತ್ರಬರಹಗಾರ ಹಾಗೂ ವಕೀಲರ ಶುಲ್ಕ ಮತ್ತು ಇ-ಖಾತೆಯ ಓಡಾಟದ ಖರ್ಚು ಬೇರೆ.

ಉದಾಹರಣೆಗೆ, 40 ಲಕ್ಷ ರೂಪಾಯಿಯ ಮಳಿಗೆಯೊಂದು ತಿಂಗಳಿಗೆ 15,000 ರೂಪಾಯಿ ಬಾಡಿಗೆ ತರುವುದೆಂದು ಭಾವಿಸೋಣ. ವರ್ಷಕ್ಕೆ 1,80,000 ರೂ., ಅಂದರೆ ಶೇ. 4.5. ಇದು ಮೇಲುನೋಟದ ಲೆಕ್ಕ. ಮುದ್ರಾಂಕ ಮತ್ತು ನೋಂದಣಿ ಸೇರಿದರೆ ಹೂಡಿಕೆ 43,04,000 ರೂ. ಆಗುತ್ತದೆ. ವರ್ಷದಲ್ಲಿ ಒಂದು ತಿಂಗಳು ಮಳಿಗೆ ಖಾಲಿ ಉಳಿದರೆ ಬರುವುದು 1,65,000 ರೂ. ಆಸ್ತಿ ತೆರಿಗೆಗೆ 8,000, ಸುಣ್ಣಬಣ್ಣ, ದುರಸ್ತಿ ಹಾಗೂ ವಿಮೆಗೆ 15,000 ರೂ. ಕಳೆದರೆ 1,42,000 ರೂ. ಉಳಿಯುತ್ತದೆ. ಆದಾಯ ತೆರಿಗೆಯಲ್ಲಿ, ಆಸ್ತಿ ತೆರಿಗೆ ಕಳೆದ ಬಾಡಿಗೆಯ ಮೇಲೆ ಶೇ. 30ರ ವಿನಾಯಿತಿ ದೊರೆತರೂ, ಮಾಲೀಕರು ಶೇ. 20ರ ಹಂತದಲ್ಲಿದ್ದರೆ ಸೆಸ್ ಸಹಿತ ಸುಮಾರು 22,900 ರೂ. ತೆರಬೇಕು. ಕೊನೆಗೆ ಉಳಿಯುವುದು ಸುಮಾರು 1,19,000 ರೂ., ಅಂದರೆ ಹೂಡಿಕೆಯ ಶೇ. 2.8 ಮಾತ್ರ. ಸಾಲದ ಬಡ್ಡಿ ಈ ಲೆಕ್ಕದಲ್ಲಿ ಸೇರಿಲ್ಲ. ಬ್ಯಾಂಕಿನ ಸಾಲ ತಂದು ಕೊಂಡವರಿಗೆ ಬಾಡಿಗೆಯು ಬಡ್ಡಿಗೂ ಸಾಲದು.

ಸ್ಥಳದ ಬೆಲೆ ಏರುತ್ತದೆಯಲ್ಲವೇ ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಆ ಏರಿಕೆ ಮಾರಿದಾಗಲಷ್ಟೇ ಕೈಗೆ ಬರುವಂಥದು. ಇಂದು ಕೊಂಡು ಎರಡು ವರ್ಷಗಳ ಅನಂತರ ಮಾರುವವರು ಲಾಭದ ಮೇಲೆ ಶೇ. 12.5ರ ತೆರಿಗೆ ತೆರಬೇಕಾಗುತ್ತದೆ. 2024ರ ಜುಲೈ 23ರ ಅನಂತರದ ಖರೀದಿಗೆ ಹಣದುಬ್ಬರದ ಹೊಂದಾಣಿಕೆಯೂ ಇಲ್ಲ. ಸುಗ್ಗಿಯಲ್ಲಿ ಸರಕು ಕೊಳ್ಳಲು ನಗದು ಬೇಕಾದಾಗ ಗೋಡೆಯನ್ನು ಒಡೆದು ಮಾರಲಾಗದು.

ಬಾಡಿಗೆದಾರ ವರ್ತಕರ ಮೇಲೂ ಹೊರೆ ಬಂದಿದೆ. 2024ರ ಅಕ್ಟೋಬರ್ 10ರಿಂದ, ಜಿಎಸ್‌ಟಿ ನೋಂದಣಿಯಿಲ್ಲದ ಮಾಲೀಕರ ಮಳಿಗೆಯಲ್ಲಿರುವ ನೋಂದಾಯಿತ ವರ್ತಕರೇ ಬಾಡಿಗೆಯ ಮೇಲಿನ ಶೇ. 18ರ ತೆರಿಗೆಯನ್ನು ಕಟ್ಟಬೇಕು. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಇದರಿಂದ ವಿನಾಯಿತಿ ದೊರೆತಿದೆ. ಉಳಿದವರಿಗೆ ಅದು ಜಮೆಯಾಗಿ ಮರಳಿದರೂ ಮೊದಲು ನಗದಾಗಿಯೇ ಪಾವತಿಸಬೇಕು. ಆದ್ದರಿಂದ ಬಾಡಿಗೆ ಹೆಚ್ಚಿಸುವ ಮುನ್ನ ಮಾಲೀಕರು ಈ ಅಂಶವನ್ನು ಗಮನಿಸುವುದು ನ್ಯಾಯ.

ಕಟ್ಟಡವೇ ಬೇಡವೆಂಬುದು ಇಲ್ಲಿನ ಅಭಿಪ್ರಾಯವಲ್ಲ. ಅಂಗಡಿಯ ಲೆಕ್ಕದೊಡನೆ ಬೆರೆಸದೆ ಪ್ರತಿ ಕಟ್ಟಡಕ್ಕೂ ಪ್ರತ್ಯೇಕ ಖಾತೆಪುಸ್ತಕವಿಡಬೇಕು. ಬಾಡಿಗೆದಾರರ ಮುಂಗಡವು ಮರಳಿ ಕೊಡಬೇಕಾದ ಹಣ ಎಂಬುದನ್ನು ಮರೆಯಬಾರದು. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕು. ಆ ಶುಲ್ಕಕ್ಕೆ ಹಿಂಜರಿದವರು ವಿವಾದವೆದ್ದಾಗ ಅದಕ್ಕಿಂತ ಹೆಚ್ಚು ತೆರಬೇಕಾದೀತು. ಎಲ್ಲಕ್ಕಿಂತ ಮುಖ್ಯವಾಗಿ, ಅದೇ ಹಣ ಸ್ವಂತ ವ್ಯಾಪಾರದಲ್ಲಿ ದುಡಿದರೆ ಎಷ್ಟು ತರುತ್ತದೆಂಬುದನ್ನು ಕ್ರಯಪತ್ರಕ್ಕೆ ಸಹಿ ಹಾಕುವ ಮುನ್ನವೇ ತೂಗಿ ನೋಡಬೇಕು. ದುಡಿಯುವ ಬಂಡವಾಳ ಬತ್ತಿದ ಅಂಗಡಿಯನ್ನು ಪಕ್ಕದ ಮಳಿಗೆಯ ಬಾಡಿಗೆ ಬಹುಕಾಲ ಸಲಹಲಾರದು.