ಮೂವತ್ತೆಂಟನೆಯ ಅನಧ್ಯಾಯ

ದಸರೆಯ ಬಿಡುವು ಮುಗಿದು ಶಾಲೆಗಳು ಮತ್ತೆ ತೆರೆದ ವಾರದಲ್ಲಿ, ದುಬಲಗುಂಡಿಯ ಕಡೆಯ ಒಂದು ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿಯವರು ನನಗೊಂದು ಲಕೋಟೆಯನ್ನು ಕಳುಹಿಸಿದರು. ಹಿಂದೆ ನಾನು ಕೆಲಸದಲ್ಲಿದ್ದಾಗ ಅವರು ನನ್ನೊಡನೆ ಸಹೋಪಾಧ್ಯಾಯಿನಿಯಾಗಿದ್ದವರು. ಒಳಗಿದ್ದುದು ಶಾಲೆಯ ಅರ್ಧವಾರ್ಷಿಕ ವರದಿ. ಪೋಷಕರ ಸಭೆಯಲ್ಲಿ ಅದನ್ನು ಓದಬೇಕಾಗಿದೆಯೆಂದೂ, “ಗುರುಗಳೇ, ಭಾಷೆಯನ್ನಷ್ಟು ತಿದ್ದಿಕೊಡಬೇಕು” ಎಂದೂ ಮೇಲೊಂದು ಚೀಟಿಯಿದ್ದಿತು. ನಿವೃತ್ತನಾದ ಉಪಾಧ್ಯಾಯನಿಗೆ ತಿದ್ದುವ ಕೆಲಸ ದೊರೆತರೆ ಅದೇ ಒಂದು ಹಬ್ಬ. ಕೆಂಪು ಶಾಯಿಯ ಲೇಖನಿಯನ್ನು ಹುಡುಕಿಕೊಂಡು ಕುಳಿತೆನು.

ಇಂತಹ ವರದಿಗಳನ್ನು ನಾನೂ ಬಹಳ ಬರೆದಿದ್ದೇನೆ; ಅವುಗಳ ಜಾತಕ ನನಗೆ ಗೊತ್ತು. ಜೂನಿನಲ್ಲಿ ಶಾಲೆಯು ತಳಿರುತೋರಣಗಳೊಡನೆ ಆರಂಭವಾಗುವುದು, ಆಗಸ್ಟಿನಲ್ಲಿ ಧ್ವಜಾರೋಹಣ, ಖೋ-ಖೋ ಪಂದ್ಯದಲ್ಲಿ ನಮ್ಮ ಮಕ್ಕಳು ಅಲ್ಪದರಲ್ಲಿ ಸೋಲುವರು, ಪ್ರತಿಭಾ ಕಾರಂಜಿಯಲ್ಲಿ ಒಬ್ಬಳು ಕಂಠಪಾಠಕ್ಕೆ ಬಹುಮಾನ ತರುವಳು, ಸೆಪ್ಟೆಂಬರ್ 17ರಂದು ಮತ್ತೊಮ್ಮೆ ಧ್ವಜಾರೋಹಣ, ಏಕೆಂದರೆ 1948ರಲ್ಲಿ ನಮ್ಮ ಸೀಮೆಗೆ ಸ್ವಾತಂತ್ರ್ಯವು ಒಂದು ವರ್ಷ ತಡವಾಗಿ ಬಂದಿತಷ್ಟೆ. ಆ ಮೇಲೆ ಪರೀಕ್ಷೆ, ಅಂಕಗಳು, ದಾನಿಗಳಿಗೆ ವಂದನೆ. ಆದರೆ ಈ ವರದಿಯಲ್ಲಿ ಬಹುಮಾನಗಳಿಗಿಂತ ಮೊದಲು ಬೇರೊಂದು ಸಂಗತಿ ಇದ್ದಿತು. ಐದನೆಯ ತರಗತಿಗೆ ಬಂದರೂ ಒತ್ತಕ್ಷರಗಳನ್ನು ನುಂಗಿ ಬರೆಯುತ್ತಿದ್ದ ಹುಡುಗನೊಬ್ಬನು, ಪಂಚಾಯತಿಯಿಂದ ಬಂದ ಕಾಗದವನ್ನು ತನ್ನ ಅಜ್ಜನಿಗೆ ಮೊದಲಿಂದ ಕೊನೆಯವರೆಗೆ ಓದಿ ಹೇಳಿದನಂತೆ. ಅಜ್ಜನು ಮರುದಿನ ಶಾಲೆಗೆ ಬಂದು ಜಗಲಿಯ ಮೇಲೆ ಅರ್ಧ ಗಂಟೆ ಸುಮ್ಮನೆ ಕುಳಿತು ಹೋದನಂತೆ. ಇಷ್ಟನ್ನೇ ಬರೆದು, ವ್ಯಾಖ್ಯಾನವೊಂದನ್ನೂ ಮಾಡದೆ, ಆಕೆ ಮುಂದಿನ ವಿಷಯಕ್ಕೆ ಹೋಗಿದ್ದರು. ನಾನು ಅಲ್ಲಿ ಲೇಖನಿಯನ್ನು ಊರಲಿಲ್ಲ.

ಕೊನೆಯ ಹಾಳೆಯನ್ನು ತಿರುಗಿಸಿದಾಗ ಒಂದು ಕೋಷ್ಟಕ ಕಂಡಿತು. ಅದನ್ನು ಯಾವ ಅಧಿಕಾರಿಯೂ ಕೇಳಿದ್ದಲ್ಲ. ಹದಿನಾಲ್ಕು ಮಕ್ಕಳ ಹೆಸರುಗಳು. ಎದುರಿಗೆ ಮೂರು ಮನೆಗಳು: ಯಾವಾಗ ಹೋಗುವರು, ಎಲ್ಲಿಗೆ ಹೋಗುವರು, ಮನೆಯಲ್ಲಿ ಯಾರು ಉಳಿಯುವರು.

ನಮ್ಮ ಸೀಮೆಯ ಹೊರಗಿನ ವಾಚಕರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೀದರ ಜಿಲ್ಲೆಯ ಹೊಲಗಳು ಬಹುಮಟ್ಟಿಗೆ ಮಳೆಯನ್ನು ನಂಬಿದವು. ಹೆಸರು ಉದ್ದುಗಳು ಭಾದ್ರಪದದ ಹೊತ್ತಿಗೆ ಮನೆ ಸೇರುತ್ತವೆ. ಸೋಯಾ ದಸರೆಯ ಆಚೀಚೆ ಬರುತ್ತದೆ. ತೊಗರಿಯೊಂದು ಪುಷ್ಯದವರೆಗೆ ಹೊಲದಲ್ಲಿ ನಿಲ್ಲುತ್ತದೆ. ಹೊಲವಿಲ್ಲದವರಿಗೂ, ಇದ್ದರೂ ಎಕರೆ ಎರಡೆಕರೆ ಇರುವವರಿಗೂ, ಸೋಯಾ ರಾಶಿಯಾದ ಮೇಲೆ ಊರಿನಲ್ಲಿ ಕೂಲಿ ತೆಳುವಾಗುವುದು. ಅದೇ ವೇಳೆಗೆ ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಗಳು ಕಬ್ಬು ಅರೆಯಲು ತೊಡಗುತ್ತವೆ. ಕೂಲಿಕಾರರನ್ನು ಕೂಡಿಸುವ ಮುಕಾದಮನು ಮಳೆಗಾಲದಲ್ಲಿಯೇ ಬಂದು ಮುಂಗಡವನ್ನು ಕೊಟ್ಟುಹೋಗಿರುತ್ತಾನೆ. ಆ ಹಣವು ಮದುವೆಗೋ ಔಷಧಕ್ಕೋ ಬೀಜಗೊಬ್ಬರಕ್ಕೋ ಆಗಲೇ ಕರಗಿರುತ್ತದೆ. ಗಂಡಹೆಂಡಿರು ಸೇರಿ ಒಂದು ‘ಕೊಯ್ತಾ’ ಎಂದು ಲೆಕ್ಕ. ಕೊಯ್ತಾ ಎಂದರೆ ಕುಡುಗೋಲು. ಇಬ್ಬರು ಮನುಷ್ಯರಿಗೆ ಒಂದು ಕುಡುಗೋಲಿನ ಹೆಸರಿರುವ ಈ ಗಣಿತದಲ್ಲಿ ಮಕ್ಕಳಿಗೆ ಸ್ಥಾನವೇ ಇಲ್ಲ. ಆದರೆ ಮೊಲೆಗೂಸನ್ನು ಬಿಟ್ಟು ತಾಯಿ ಹೋಗಲಾರಳು. ತಾಯಿ ಕಬ್ಬಿನ ಸಾಲಿನಲ್ಲಿರುವಾಗ ಕೂಸನ್ನು ಎತ್ತಿಕೊಳ್ಳುವುದಕ್ಕೆ ಒಂಬತ್ತು ಹತ್ತು ವರ್ಷದ ಅಕ್ಕ ಬೇಕು. ಹೀಗೆ ದೀಪಾವಳಿಯ ದೀಪ ಆರಿದ ಎರಡು ಮೂರು ದಿನಗಳಲ್ಲಿ, ಪಾತ್ರೆ ಪಡಗಗಳ ಮೇಲೆ ಕುಳಿತು, ನಾಲ್ಕನೆಯ ತರಗತಿಯು ಲಾರಿಯಲ್ಲಿ ಹೊರಟುಹೋಗುತ್ತದೆ. ಹಿಂತಿರುಗುವುದು ಯುಗಾದಿಯ ಸುಮಾರಿಗೆ. ಆಗ ಶಾಲೆಯಲ್ಲಿ ಉಳಿದಿರುವುದು ಪರೀಕ್ಷೆ ಮತ್ತು ಬೇಸಗೆಯ ರಜೆ.

ಆದುದರಿಂದ ನಮ್ಮ ಕಡೆಯ ಅರ್ಧವರ್ಷವೆಂಬುದು ಕೆಲವು ಮಕ್ಕಳಿಗೆ ವರ್ಷದ ನಡುವಣ ಗುರುತಲ್ಲ. ಅದೇ ವರ್ಷದ ಕೊನೆ.

ಸಂಸ್ಕೃತವನ್ನು ಓದಿದ ದುರಭ್ಯಾಸದಿಂದ, ಆ ಕೋಷ್ಟಕವನ್ನು ನೋಡುತ್ತಿದ್ದಂತೆ ನನಗೆ ಯಾಜ್ಞವಲ್ಕ್ಯಸ್ಮೃತಿಯ ಅನಧ್ಯಾಯ ಪ್ರಕರಣವು ನೆನಪಾಯಿತು. ಅನಧ್ಯಾಯವೆಂದರೆ ಪಾಠವನ್ನು ನಿಲ್ಲಿಸಬೇಕಾದ ಹೊತ್ತು. ಪ್ರಾಚೀನರ ವಿದ್ಯಾವರ್ಷವು ಶ್ರಾವಣದ ಉಪಾಕರ್ಮದಿಂದ ತೊಡಗಿ ಪುಷ್ಯದ ಸುಮಾರಿಗೆ ಉತ್ಸರ್ಜನದಲ್ಲಿ ಮುಗಿಯುತ್ತಿದ್ದಿತು. ಆ ನಡುವೆ ಯಾವಾಗ ಓದಬಾರದೆಂಬುದಕ್ಕೆ ಸ್ಮೃತಿಕಾರನು 37 ತಾತ್ಕಾಲಿಕ ಸಂದರ್ಭಗಳನ್ನು ಎಣಿಸಿದ್ದಾನೆ. ನಾಯಿ ನರಿ ಕತ್ತೆ ಗೂಗೆಗಳು ಕೂಗಿದಾಗ, ಧೂಳಿನ ಮಳೆ ಸುರಿದಾಗ, ದುರ್ಗಂಧ ಬಂದಾಗ, ಓಡುತ್ತಿರುವಾಗ, ಶಿಷ್ಟನಾದ ಅತಿಥಿ ಮನೆಗೆ ಬಂದಾಗ, ಆನೆ ಕುದುರೆ ದೋಣಿ ಮರಗಳನ್ನೇರಿದಾಗ ಪಾಠವಿಲ್ಲ. ಬಾಲ್ಯದಲ್ಲಿ ಈ ಪಟ್ಟಿಯನ್ನು ಕೇಳಿ, ಕತ್ತೆಯೊಂದು ಪಾಠಶಾಲೆಯ ಬಾಗಿಲಿಗೆ ಬಂದು ಕೂಗಬಾರದೇ ಎಂದು ನಾನು ಹಂಬಲಿಸಿದ್ದುಂಟು. ಈ ಸ್ಮೃತಿಗೆ ವಿಜ್ಞಾನೇಶ್ವರನು ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದದ್ದು ನಮ್ಮ ಪಕ್ಕದ ಕಲ್ಯಾಣದಲ್ಲಿಯೇ. 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ. ದುಬಲಗುಂಡಿಯ ದಾರಿಗಳು ಆಗಲೂ ಆ ರಾಜಧಾನಿಗೆ ಕಾಳನ್ನೂ ಕೂಲಿಯನ್ನೂ ಹೊತ್ತಿರಬೇಕು.

ತಾತ್ಕಾಲಿಕ ಎಂಬ ಮಾತನ್ನು ಗಮನಿಸಬೇಕು. ನರಿ ಕೂಗಿ ನಿಂತರೆ ಪಾಠ ಮುಂದುವರಿಯಿತು. ಉತ್ಸರ್ಜನವಾದ ಮೇಲೆ ಕೂಡ ಶುಕ್ಲಪಕ್ಷದಲ್ಲಿ ವೇದ, ಕೃಷ್ಣಪಕ್ಷದಲ್ಲಿ ವೇದಾಂಗ ಎಂಬ ಏರ್ಪಾಡು ಇದ್ದಿತು. ಬಿಟ್ಟದ್ದನ್ನು ಹಿಡಿಯುವ ದಾರಿಯನ್ನು ಹೇಳದೆ ಬಿಡುವನ್ನು ಯಾರೂ ವಿಧಿಸಲಿಲ್ಲ. ಆ ಪಟ್ಟಿಯಾದರೋ ವೇದಾಧ್ಯಯನದ ಅಧಿಕಾರವಿದ್ದ ಕೆಲವೇ ಗಂಡುಮಕ್ಕಳಿಗಾಗಿ ಮಾಡಿದ್ದು. ಈ ಕೋಷ್ಟಕದ ಹದಿನಾಲ್ಕು ಮಕ್ಕಳ ಪೂರ್ವಿಕರಿಗೆ ಅಧ್ಯಾಯವೇ ಇಲ್ಲದಿದ್ದುದರಿಂದ ಅನಧ್ಯಾಯದ ಮಾತೂ ಇರಲಿಲ್ಲ. ಹನ್ನೆರಡನೆಯ ಶತಮಾನದ ನಡುವಿನಲ್ಲಿ, ಅದೇ ಕಲ್ಯಾಣದಲ್ಲಿ, ಅಂಬಿಗನೂ ಮಡಿವಾಳನೂ ಅಕ್ಕಿ ಆಯುವ ಕಾಯಕದ ಮನೆಯ ಲಕ್ಕಮ್ಮನೂ ತಾವೇ ವಚನಗಳನ್ನು ಕಟ್ಟಿ ಹೇಳಿದರೆಂಬುದು ಬೇರೆ ಮಾತು. ಅದು ನಮ್ಮ ನೆಲದ ಭಾಗ್ಯ. ಈಗ ಕಾನೂನಿನ ಮೂಲಕ ಎಲ್ಲರಿಗೂ ಅಧ್ಯಾಯ ಬಂದಿದೆ. ಬಂದೊಡನೆಯೇ 37ರ ಪಟ್ಟಿಯಲ್ಲಿಲ್ಲದ ಒಂದು ಅನಧ್ಯಾಯವೂ ಬಂದಿತು. ಅದು ತಾತ್ಕಾಲಿಕವಾಗಿ ಉಳಿಯುವುದೋ ಕಾಯಮ್ಮಾಗುವುದೋ ಎಂಬುದು ಬಹುಮಟ್ಟಿಗೆ ಶಾಲೆಯ ಹಾಜರಿ ಪುಸ್ತಕವನ್ನು ಹಿಡಿದವನ ಕೈಯಲ್ಲಿದೆ. ಇದನ್ನು ನಾನು ಓದಿ ತಿಳಿದದ್ದಲ್ಲ.

1998ರಲ್ಲಿ ನಾನು ಬೇರೊಂದು ಊರಿನ ಎರಡು ಕೋಣೆಯ ಶಾಲೆಯಲ್ಲಿ ಮುಖ್ಯೋಪಾಧ್ಯಾಯನ ಪ್ರಭಾರದಲ್ಲಿದ್ದೆನು. ನಾಲ್ಕನೆಯ ತರಗತಿಯಲ್ಲಿ ತಾಂಡಾದಿಂದ ಬರುವ ಒಬ್ಬ ಹುಡುಗಿ ಅರ್ಧವಾರ್ಷಿಕ ಪರೀಕ್ಷೆಯ ಲೆಕ್ಕದಲ್ಲಿ ಶಾಲೆಗೇ ಮೊದಲಿಗಳಾದಳು. ಸಭೆಯಲ್ಲಿ ಅವಳ ಹೆಸರನ್ನು ಕೂಗಿ ಒಂದು ಕಂಪಾಸು ಪೆಟ್ಟಿಗೆಯನ್ನು ಕೊಟ್ಟೆನು. ಆ ಸಾಧನೆಯನ್ನು ವರದಿಯಲ್ಲಿ ನನ್ನ ಸಾಧನೆಯೆಂಬಂತೆ ಬರೆದುಕೊಂಡೆನು. ದೀಪಾವಳಿಯ ತರುವಾಯ ಅವಳು ಬರಲಿಲ್ಲ. ಜನವರಿಯಲ್ಲಿ ತನಿಖೆಯ ಸುದ್ದಿ ಬಂದಿತು. ಹಾಜರಿಯ ಸರಾಸರಿ ಚೆನ್ನಾಗಿ ಕಾಣಬೇಕಾದರೆ ಬಾರದ ಮಕ್ಕಳ ಹೆಸರು ಇರಬಾರದಷ್ಟೆ. ‘ದೀರ್ಘ ಗೈರುಹಾಜರಿ’ ಎಂದು ಬರೆದು, ಆರು ಹೆಸರುಗಳ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದೆನು. ಯಾರೂ ಹೇಳಿ ಮಾಡಿಸಿದ್ದಲ್ಲ, ನಾನಾಗಿಯೇ ಮಾಡಿದ್ದು.

ಯುಗಾದಿ ಕಳೆದ ಮೇಲೆ ಒಂದು ಬೆಳಗ್ಗೆ ಅವಳು ಬಂದು ತನ್ನ ಎಂದಿನ ಜಾಗದಲ್ಲಿ ಕುಳಿತಿದ್ದಳು. ಸೊಂಟದ ಮೇಲೆ ತಮ್ಮನಿದ್ದನು. ಕೈಯಲ್ಲಿ ಒಂದು ಸಣ್ಣ ವಹಿಯಿದ್ದಿತು. ಹಾಜರಿ ಕೂಗುವುದು ಮುಗಿಯಿತು. ಅವಳು ಎದ್ದು ನಿಂತು, “ಸರ್, ನನ್ನ ಹೆಸರ ಕರೀಲಿಲ್ರಿ” ಎಂದಳು. “ಹೆಸರು ಹೋಗಿದೆಯಮ್ಮಾ, ಜೂನಿನಲ್ಲಿ ಬಾ, ಮತ್ತೆ ಸೇರಿಸೋಣ” ಎಂದೆನು. ವಹಿಯನ್ನು ಚಾಚಿದಳು, ಪರೀಕ್ಷೆಯ ಗಡಿಬಿಡಿಯಲ್ಲಿ ಅದನ್ನು ತೆರೆದು ನೋಡಲಿಲ್ಲ. ಜೂನಿನಲ್ಲಿ ಅವಳು ಬರಲಿಲ್ಲ. ತಾಂಡಾ ಇದ್ದುದು ಒಂದೂವರೆ ಮೈಲು ದೂರದಲ್ಲಿ, ನಾನು ಹೋಗಲಿಲ್ಲ. ಕೆಲವು ತಿಂಗಳ ಮೇಲೆ ಅವಳ ತಂದೆ ಸಂತೆಯಲ್ಲಿ ಸಿಕ್ಕಿ ನಮಸ್ಕಾರ ಮಾಡಿ ನಿಂತನು. ಯಾವ ಆಕ್ಷೇಪಣೆಯೂ ಅವನ ಮಾತಿನಲ್ಲಿರಲಿಲ್ಲ. ಕಬ್ಬಿನ ಗಾಡಿ ಎಷ್ಟು ಹೋದವು, ತೂಕ ಎಷ್ಟಾಯಿತು, ಮುಂಗಡ ಎಷ್ಟು ತೀರಿತು ಎಂದು ಮಗಳು ದಿನದಿನವೂ ಬರೆದಿಟ್ಟಿದ್ದಳಂತೆ. “ಮುಕಾದಮನ ಲೆಕ್ಕಕ್ಕಿಂತ ನಮ್ಮ ಪೋರಿ ಲೆಕ್ಕ ಛಲೋ ಇತ್ರಿ ಸರ್” ಎಂದನು. ಅವಳು ನನಗೆ ತೋರಿಸಲೆಂದು ತಂದದ್ದು ಆ ವಹಿಯನ್ನು. ಅರ್ಧವರ್ಷದ ಎರಡನೆಯ ಪಾಲನ್ನು ಅವಳು ಓದಿಯೇ ಬಂದಿದ್ದಳು. ಪರೀಕ್ಷಕನು ಪತ್ರಿಕೆಯನ್ನು ನೋಡಲಿಲ್ಲ.

ಆ ಮೇಲೆ ಕಾಲ ಬದಲಾಗಿದೆ, ಅದನ್ನು ಹೇಳದಿದ್ದರೆ ನ್ಯಾಯವಾಗದು. ನಿಜಾಮರ ಆಳಿಕೆಯಲ್ಲಿ ಇಲ್ಲಿ ಕನ್ನಡದ ಪಾಠವೇ ದುರ್ಲಭವಾಗಿತ್ತು. ಭಾಲ್ಕಿಯ ಚೆನ್ನಬಸವ ಪಟ್ಟದ್ದೇವರು ಹೊರಗೆ ಉರ್ದುವಿನ ಫಲಕವನ್ನು ತೂಗಿಸಿ ಒಳಗೆ ಕನ್ನಡವನ್ನು ಕಲಿಸಿದ ಕಥೆಯನ್ನು ಈ ಜಿಲ್ಲೆಯ ಪ್ರತಿಯೊಂದು ಮನೆಯಲ್ಲಿಯೂ ಹೇಳುತ್ತಾರೆ. ಬಿಸಿಯೂಟದ ‘ಅಕ್ಷರ ದಾಸೋಹ’ವು 2002ರಲ್ಲಿ ಮೊದಲು ಬಂದದ್ದು ಬೀದರೂ ಸೇರಿದಂತೆ ಉತ್ತರದ ಏಳು ಜಿಲ್ಲೆಗಳಿಗೆ. 2010ರ ಏಪ್ರಿಲಿನಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆಯು, ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ಪ್ರಾಥಮಿಕ ಶಿಕ್ಷಣ ಮುಗಿಯುವ ಮೊದಲು ಶಾಲೆಯಿಂದ ಹೊರಗೆ ಹಾಕಕೂಡದೆಂದು ವಿಧಿಸಿದೆ. ನಾನು ಎಳೆದಂತಹ ಗೆರೆಯನ್ನು ಇಂದು ಎಳೆಯಬಾರದು. ಬೇರೆ ಊರಿಗೆ ಹೋದ ಮಗು ಅಲ್ಲಿನ ಸರಕಾರಿ ಶಾಲೆಗೆ ಸೇರಬಹುದು. ವರ್ಗಾವಣೆ ಪತ್ರ ತಡವಾಯಿತೆಂಬ ನೆಪದಿಂದ ಪ್ರವೇಶವನ್ನು ನಿರಾಕರಿಸುವಂತಿಲ್ಲ. ಇದನ್ನು ತಿಳಿಯದ ತಂದೆತಾಯಿಗಳು ಇಂದಿಗೂ ಬಹಳ. ತಿಳಿದ ಗೃಹಸ್ಥರು ತಮ್ಮ ಹೊಲಗಳಲ್ಲಿ, ಮನೆಗಳಲ್ಲಿ ದುಡಿಯುವವರಿಗೆ ಹೇಳಿದರೆ ಅದೊಂದು ಉಪಕಾರ.

ಹಕ್ಕು ಬೇರೆ, ಅನುಕೂಲ ಬೇರೆ. ಅಲ್ಲಿನ ಶಾಲೆ ಮರಾಠಿಯದು. ನಮ್ಮ ಗಡಿಯ ಮಕ್ಕಳಿಗೆ ಮರಾಠಿ ಕಿವಿಗೆ ಹೊಸದಲ್ಲವಾದರೂ, ಸಣ್ಣ ತರಗತಿಯವರಿಗೆ ದೇವನಾಗರಿ ಅಕ್ಷರ ಕಣ್ಣಿಗೆ ಹೊಸದು. ಕಬ್ಬಿನ ಸೋಗೆಯ ಗುಡಿಸಲು ಇಂದು ಇಲ್ಲಿ, ಇನ್ನೊಂದು ತಿಂಗಳಿಗೆ ಮತ್ತೊಂದು ಹೊಲದ ಬದಿಯಲ್ಲಿ. ಆದುದರಿಂದ ಮಗುವು ಊರಿನಲ್ಲಿಯೇ ಉಳಿಯುವುದು ಉತ್ತಮವೆಂದು ಈ ಮುಖ್ಯೋಪಾಧ್ಯಾಯಿನಿಯವರ ಅಭಿಪ್ರಾಯ, ನನ್ನದೂ ಅದೇ.

ಅವರು ಮಾಡಿದ್ದೇನೆಂದರೆ, ದೀಪಾವಳಿಯನ್ನು ಕಾಯಲಿಲ್ಲ. ಆಗಸ್ಟಿನಲ್ಲಿ, ಹೆಸರು ಬಿಡಿಸುವುದಕ್ಕೆಂದು ಮಕ್ಕಳು ಒಂದೆರಡು ದಿನ ತಪ್ಪಿಸಿಕೊಳ್ಳತೊಡಗಿದಾಗಲೇ ಮನೆಮನೆಗೆ ಹೋದರು. ಮುಂಗಡ ತೆಗೆದುಕೊಂಡಿರುವಿರಾ ಎಂದು ಕೇಳಲಿಲ್ಲ. ಹಾಗೆ ಕೇಳಿದರೆ ಯಾರೂ ಹೇಳುವುದಿಲ್ಲ. “ಅಜ್ಜಿ ಹೇಗಿದ್ದಾರೆ, ಕಣ್ಣು ಕಾಣುತ್ತದೆಯೇ, ಒಲೆಯ ಮುಂದೆ ಕೂಡುತ್ತಾರೆಯೇ?” ಎಂದು ಕೇಳಿದರಂತೆ. ಅಜ್ಜಿಗೆ ರೊಟ್ಟಿ ಬಡಿಯಲು ಆಗುವ ಮನೆಯಲ್ಲಿ ಮಗುವು ಉಳಿಯಬಹುದೆಂದು ಅವರ ಲೆಕ್ಕ. ಎಷ್ಟೋ ಶಿಕ್ಷಣಶಾಸ್ತ್ರದ ಪುಸ್ತಕಗಳಿಗಿಂತ ಇದು ದೊಡ್ಡ ಶಾಸ್ತ್ರವೆಂದು ನನಗೆ ತೋರಿತು. ಒಂದು ಮನೆಯಲ್ಲಿ ತಾಯಿ, “ಪೋರೀನ ಬಿಟ್ಟು ಹೋದ್ರ ಕೂಸಿನ ಯಾರು ನೋಡ್ತಾರ್ರಿ ಟೀಚರ್?” ಎಂದಳಂತೆ. ಅದಕ್ಕೆ ಉತ್ತರವಿಲ್ಲದೆ ಹಿಂತಿರುಗಿದೆನೆಂದು ಆಕೆ ನನಗೆ ಬೇರೆ ಕಾಗದದಲ್ಲಿ ಬರೆದಿದ್ದಾರೆ. ಹದಿನಾಲ್ವರಲ್ಲಿ ಎಂಟು ಮಂದಿಗೆ ಅಜ್ಜಿಯೋ ಅತ್ತೆಯೋ ದೊರೆತಿದ್ದಾರೆ. ಇಬ್ಬರಿಗೆ ವಸತಿ ನಿಲಯವನ್ನು ಹುಡುಕುತ್ತಿದ್ದಾರೆ. ಹೋಗಲೇಬೇಕಾದವರ ಚೀಲದಲ್ಲಿ ಪಠ್ಯಪುಸ್ತಕ, ಒಂದು ಖಾಲಿ ವಹಿ, ಶಾಲೆಯ ಮೊಹರಿನ ಪತ್ರ. ವಹಿಯಲ್ಲಿ ದಿನಕ್ಕೊಂದು ಪುಟ ಏನಾದರೂ ಬರೆಯಬೇಕು. ಬಂದ ದಿನ ಅದನ್ನು ತಾವೇ ಓದುವೆನೆಂದು ಮಾತು ಕೊಟ್ಟಿದ್ದಾರೆ. ಆ ಪದ್ಧತಿಯನ್ನು ಅವರು ಎಲ್ಲಿಂದ ಕಲಿತರೆಂದು ನಾನು ಕೇಳಲಿಲ್ಲ. ನಾವು ಒಟ್ಟಿಗೆ ಕೆಲಸದಲ್ಲಿದ್ದಾಗ ಹಳೆಯ ಕಥೆಯೊಂದನ್ನು ಅವರ ಮುಂದೆ ಹೇಳಿದ್ದೆನೋ ಏನೋ.

ಎಲ್ಲ ಅನಧ್ಯಾಯಗಳೂ ಕೆಟ್ಟವಲ್ಲ. ಎಳ್ಳಮಾವಾಸ್ಯೆಯ ದಿನ ನಮ್ಮ ಕಡೆಯ ಶಾಲೆಗಳಲ್ಲಿ ಒಂದು ನೊಣವೂ ಇರುವುದಿಲ್ಲ. ಊರಿಗೆ ಊರೇ ಹೊಲದಲ್ಲಿ ಭಜ್ಜಿ ಅಂಬಲಿಗಳ ಮುಂದೆ ಕುಳಿತಿರುತ್ತದೆ. ಆ ರಜೆಯನ್ನು ನಿಲ್ಲಿಸಬೇಕೆಂದು ಹೇಳುವ ಉಪಾಧ್ಯಾಯನನ್ನು ನಾನೇ ತನಿಖೆ ಮಾಡಿಸುವೆನು.

ವರದಿಯನ್ನು ತಿದ್ದಿ ಕಳುಹಿಸಿದ್ದಾಯಿತು. ಎರಡು ಕಡೆ ವಿಭಕ್ತಿಯನ್ನು, ಒಂದು ಕಡೆ ಮಹಾಪ್ರಾಣವನ್ನು ಸರಿಪಡಿಸಿದೆನು. ಕೊನೆಯ ಹಾಳೆಯ ತಲೆಬರಹವು ‘ಬಿಟ್ಟುಹೋಗುವ ಮಕ್ಕಳು’ ಎಂದಿತ್ತು. ಅದನ್ನು ‘ಹೋಗಿಬರುವ ಮಕ್ಕಳು’ ಎಂದು ಮಾಡಿದೆನು. ಸಭೆ ದೀಪಾವಳಿಗೆ ಮುಂಚಿನ ಶನಿವಾರವಿದೆ. ಅಷ್ಟರೊಳಗೆ ಇನ್ನೂ ಎರಡು ಮನೆಗಳಿಗೆ ಹೋಗುವುದು ಉಳಿದಿದೆಯಂತೆ. ಅವುಗಳಲ್ಲೊಂದರ ಅಜ್ಜಿಗೆ ನನ್ನ ಪರಿಚಯವಿರುವುದರಿಂದ ನಾನೂ ಜೊತೆಗೆ ಬರಬೇಕೆಂದು ಆಕೆ ಬರೆದಿದ್ದಾರೆ. ನಾಳಿದ್ದು ಬೆಳಗಿನ ಬಸ್ಸಿಗೆ ಹೊರಡುತ್ತೇನೆ.